ಬೈಸನ್ ಅಳಿವಿನಿಂದ ಪಾರಾಗಿದೆಯಲ್ಲ, ಮತ್ತೆ ಅದನ್ನು ಮೂಲನಿವಾಸಿಗಳ ನೆಲಕ್ಕೆ ಮರಳಿಸುವುದೇಕೆ?

ತುಂಗಾತೀರ ಕೇಳಿದ ಪ್ರಶ್ನೆ

ನಮ್ಮ ಪದವಿಪೂರ್ವ ಕಾಲೇಜಿನ ಭಿತ್ತಿಪತ್ರಿಕೆಗೆ ಉತ್ತರ ಅಮೆರಿಕದ ಬೈಸನ್ ಕುರಿತು ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ಓದುತ್ತ ಹೋದಂತೆ ಪ್ರಶ್ನೆಗಳೇ ಹೆಚ್ಚಾದ ಕಾರಣ ಬಲ್ಲವರನ್ನು ಕೇಳೋಣವೆಂದು ಇಲ್ಲಿಗೆ ಬಂದಿದ್ದೇನೆ.

ಮೊದಲೇ ಒಂದು ಸ್ಪಷ್ಟನೆ ಕೊಡಬೇಕು. ನಮ್ಮ ಪತ್ರಿಕೆಗಳು ಬಂಡೀಪುರ, ನಾಗರಹೊಳೆಗಳ ಕಾಟಿಯನ್ನೂ ಎಷ್ಟೋ ಸಲ ‘ಬೈಸನ್’ ಎಂದು ಬರೆಯುತ್ತವೆ. ಕಾಟಿ ಅಥವಾ ಕಾಡುಕೋಣ ಬೇರೆ ಪ್ರಾಣಿ. ಅದು ಕಾಡಿನದು, ಅಮೆರಿಕದ್ದು ಹುಲ್ಲುಬಯಲಿನದು. ಅಮೆರಿಕದ್ದನ್ನು ‘ಕಾಡೆಮ್ಮೆ’ ಎಂದು ಅನುವಾದಿಸಿದರೆ ಮಕ್ಕಳ ತಲೆಯಲ್ಲಿ ನಮ್ಮ ಕಾಟಿಯೇ ಬಂದು ನಿಲ್ಲುತ್ತದೆ. ಹಾಗಾಗಿ ಇಲ್ಲಿ ಬೈಸನ್ ಎಂದೇ ಬರೆಯುತ್ತೇನೆ.

ಯುರೋಪಿನವರು ಬರುವ ಮುನ್ನ ಆ ಖಂಡದಲ್ಲಿ 3 ಕೋಟಿ ಅಥವಾ ಅದಕ್ಕೂ ಹೆಚ್ಚು ಬೈಸನ್‌ಗಳಿದ್ದವೆಂದು ಅಂದಾಜು ಮಾಡುತ್ತಾರೆ. 1889ರಲ್ಲಿ ವಿಲಿಯಂ ಹಾರ್ನಡೇ ಎಂಬ ಪ್ರಾಣಿಶಾಸ್ತ್ರಜ್ಞ ಲೆಕ್ಕ ಹಾಕಿದಾಗ, ಬಯಲಲ್ಲಿದ್ದವು, ದೊಡ್ಡಿಯಲ್ಲಿದ್ದವು ಎಲ್ಲ ಸೇರಿ 1,091 ಉಳಿದಿದ್ದವು. ಇಂದು ಮತ್ತೆ 4 ಲಕ್ಷದ ಆಸುಪಾಸಿಗೆ ಬಂದಿವೆ. ಅವುಗಳಲ್ಲಿ ಬಹುಪಾಲು ಮಾಂಸಕ್ಕಾಗಿ ಸಾಕುವ ಖಾಸಗಿ ಫಾರ್ಮುಗಳಲ್ಲಿವೆ, ಯೆಲ್ಲೊಸ್ಟೋನ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಕೆಲವು ಸಾವಿರವಿವೆ. ಹೀಗಿರುವಾಗ ಬ್ಲ್ಯಾಕ್‌ಫೀಟ್, ಶೊಶೋನಿ, ಲಕೋಟ ಮೊದಲಾದ ಮೂಲನಿವಾಸಿ ಸಮುದಾಯಗಳು ಇಷ್ಟು ಶ್ರಮಪಟ್ಟು ತಮ್ಮ ನೆಲಕ್ಕೆ ಹಿಂಡುಗಳನ್ನು ಮರಳಿ ತರುತ್ತಿರುವುದೇಕೆ? ದನ ಸಾಕುವವರು ಇದನ್ನು ಅಷ್ಟು ಬಲವಾಗಿ ವಿರೋಧಿಸುವುದೇಕೆ? ಕೊನೆಯದು ನನ್ನ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ, ನನಗೂ ಬಿಡಿಸಲಾಗಲಿಲ್ಲ: ಬಂಧುವೆಂದು ಕರೆದು ಹಾಡಿ ಬರಮಾಡಿಕೊಂಡ ಪ್ರಾಣಿಯನ್ನು ಅದೇ ಜನ ಬೇಟೆಯಾಡಿ ತಿನ್ನುತ್ತಾರಂತೆ, ಇವೆರಡೂ ಹೇಗೆ ಕೂಡುತ್ತವೆ?

ಬಡಗಣ ಗಾಳಿ ಕೊಟ್ಟ ಉತ್ತರ

ಹಲವು ವರ್ಷಗಳಿಂದ ನಾನು ಕೆನಡಾದ ಆಲ್ಬರ್ಟಾದಲ್ಲಿದ್ದೇನೆ, ಬ್ಲ್ಯಾಕ್‌ಫೂಟ್ ಜನರ ಸೀಮೆ ಇಲ್ಲಿಂದ ದೂರವಿಲ್ಲ (ಗಡಿಯಾಚೆ ಅಮೆರಿಕದಲ್ಲಿರುವ ಅದೇ ಜನರನ್ನು ಬ್ಲ್ಯಾಕ್‌ಫೀಟ್ ಎನ್ನುತ್ತಾರೆ). ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಒಂದು ಹಿಂಡಿನ ವಂಶಾವಳಿಯನ್ನು ಹೇಳುತ್ತೇನೆ, ಏಕೆಂದರೆ ಲಕ್ಷಗಳ ಲೆಕ್ಕದಲ್ಲಿ ಕಾಣದ್ದು ಅದರಲ್ಲಿ ಕಾಣುತ್ತದೆ.

1870ರ ದಶಕದಲ್ಲಿ ರಾಕಿ ಪರ್ವತಗಳ ಪೂರ್ವಕ್ಕಿರುವ ಬ್ಲ್ಯಾಕ್‌ಫೂಟ್ ಸೀಮೆಯಲ್ಲಿ ಚರ್ಮದ ಬೇಟೆಗಾರರು ಬೈಸನ್‌ಗಳನ್ನು ಗುಂಡಿಟ್ಟು ಉರುಳಿಸುತ್ತಿದ್ದ ಕಾಲ. ಸುಮಾರು 1871ರಿಂದ ಅವುಗಳ ಚರ್ಮವನ್ನು ಕಾರ್ಖಾನೆಯ ಯಂತ್ರಗಳ ಪಟ್ಟಿಗೆ ಹದಮಾಡುವ ವಿಧಾನ ಕೈಗೆ ಬಂದಿತ್ತು, ರೈಲು ಬಯಲಿನ ನಡುವೆಯೇ ಬಂದಿತ್ತು, ಬೈಸನ್ ಮುಗಿದರೆ ಅದನ್ನು ನಂಬಿದ ಜನ ತಾವಾಗಿ ಶರಣಾಗುತ್ತಾರೆಂದು ಸೇನೆಯ ಹಿರಿಯ ಅಧಿಕಾರಿಗಳೇ ಎಣಿಸಿದ್ದರು. ಆ ದಿನಗಳಲ್ಲಿ ಪರ್ವತದ ಪಶ್ಚಿಮಕ್ಕಿದ್ದ ಪೆಂಡೊರೇ ಬುಡಕಟ್ಟಿನ ಲತಾತಿ ಎಂಬಾತ ತಾಯಿ ಸತ್ತ ಕೆಲವು ಕರುಗಳನ್ನು ತನ್ನವರಿದ್ದ ಫ್ಲಾಟ್‌ಹೆಡ್ ಕಣಿವೆಗೆ ಕರೆತಂದ. ಆ ಜನರ ಮೌಖಿಕ ಪರಂಪರೆಯ ಪ್ರಕಾರ ಆ ಯೋಚನೆ ಅವನ ತಂದೆಯದು. ಬಯಲಿನಲ್ಲಿ ಬೈಸನ್ ಕರಗುತ್ತಿರುವುದನ್ನು ಕಂಡು, ಬೀಜಕ್ಕಾದರೂ ಒಂದಿಷ್ಟನ್ನು ಈಚೆಗೆ ತರೋಣವೆಂದು ಆತ ಮೊದಲೇ ಹಿರಿಯರ ಮುಂದೆ ಇಟ್ಟಿದ್ದನಂತೆ. ಕರುಗಳು ಬೆಳೆದು ಹಿಂಡಾದವು. 1884ರಲ್ಲಿ ಲತಾತಿಯ ಮಲತಂದೆ ಆ ಹಿಂಡನ್ನು ಮಿಶೆಲ್ ಪಾಬ್ಲೊ ಮತ್ತು ಚಾರ್ಲ್ಸ್ ಅಲಾರ್ಡ್ ಎಂಬ ಇಬ್ಬರಿಗೆ ಮಾರಿದ. ಅವರ ಕೈಯಲ್ಲಿ ಅದು ನೂರಾರಕ್ಕೆ ಏರಿತು.

ಅಷ್ಟರಲ್ಲಿ ಅಮೆರಿಕದ ಸರ್ಕಾರ ಫ್ಲಾಟ್‌ಹೆಡ್ ಮೀಸಲು ಪ್ರದೇಶವನ್ನು, ಅಂದರೆ ಮೂಲನಿವಾಸಿಗಳಿಗೆಂದು ಬಿಟ್ಟಿದ್ದ ನೆಲವನ್ನು, ಹೊರಗಿನ ರೈತರಿಗೆ ಹಂಚಲು ಹೊರಟಿತು. ಮೇಯಲು ನೆಲವೇ ಇಲ್ಲವಾದಾಗ ಪಾಬ್ಲೊ ತನ್ನ ಹಿಂಡನ್ನು ಮಾರಬೇಕಾಯಿತು. ತನ್ನ ದೇಶ ಕೊಳ್ಳಲಿಲ್ಲ, ಕೆನಡಾ ಕೊಂಡಿತು. 1907ರಿಂದ 1912ರವರೆಗೆ ಸುಮಾರು 700 ಪ್ರಾಣಿಗಳು ರೈಲಿನಲ್ಲಿ ಉತ್ತರಕ್ಕೆ ಬಂದವು. ಅವುಗಳ ಒಂದು ಭಾಗ ಎಡ್ಮಂಟನ್ ಹತ್ತಿರದ ಎಲ್ಕ್ ಐಲೆಂಡ್ ಉದ್ಯಾನದಲ್ಲಿ ಉಳಿಯಿತು.

ಒಂದು ಜನವರಿಯಲ್ಲಿ ನಾನು ಆ ಹಿಂಡನ್ನು ರಸ್ತೆಯಂಚಿನಿಂದ, ಕಾರಿನ ಕಿಟಕಿಯೊಳಗಿನಿಂದ ನೋಡಿದ್ದೇನೆ. ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೇ ಕೂತಿತ್ತು. ಒಳಗಿನ ಬಿಸಿ ಹೊರಗೆ ಸೋರದಷ್ಟು ದಟ್ಟವಾದ ತುಪ್ಪಳ. ಗಡ್ಡದ ತುದಿಯಲ್ಲಿ ಉಸಿರು ಹೆಪ್ಪುಗಟ್ಟಿ ಸಣ್ಣ ಸಣ್ಣ ಮಣಿಗಳಾಗಿತ್ತು. ಕುದುರೆಗಳಾದರೆ ಹಿಮ ಕೆರೆಯುವುದು ಕಾಲಿನಿಂದ. ಇವು ತಲೆ ತಗ್ಗಿಸಿ ಎಡಕ್ಕೂ ಬಲಕ್ಕೂ ಬೀಸಿ, ಕಸಬರಿಕೆಯಲ್ಲಿ ಗುಡಿಸಿದ ಹಾಗೆ ಹಿಮ ಸರಿಸಿ ಅಡಿಯ ಒಣಹುಲ್ಲು ಮೇಯುತ್ತವೆ. ಭುಜದ ಮೇಲಿನ ಡುಬ್ಬ ಏಕಿದೆಯೆಂದು ನನಗೆ ಆಗ ಅರ್ಥವಾಯಿತು: ಆ ಭಾರವಾದ ತಲೆಯನ್ನು ದಿನವಿಡೀ ಬೀಸುವ ಸ್ನಾಯುಗಳೆಲ್ಲ ಅಲ್ಲಿವೆ.

2016ರ ಏಪ್ರಿಲ್ 4ರಂದು ಇದೇ ಎಲ್ಕ್ ಐಲೆಂಡ್‌ನಿಂದ 87 ಎಳೆಯ ಬೈಸನ್‌ಗಳನ್ನು ಲಾರಿಗಳಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬ್ಲ್ಯಾಕ್‌ಫೀಟ್ ನೆಲಕ್ಕೆ ತಂದು ಇಳಿಸಿದರು. ಯಾವ ಸೀಮೆಯಿಂದ ತಬ್ಬಲಿ ಕರುಗಳು ಪರ್ವತ ದಾಟಿ ಹೋಗಿದ್ದವೋ ಅದೇ ಸೀಮೆಗೆ, ಸುಮಾರು 140 ವರ್ಷಗಳ ಮೇಲೆ, ಅವುಗಳ ಸಂತತಿ ಮರಳಿತು. ಬ್ಲ್ಯಾಕ್‌ಫೂಟ್ ಭಾಷೆಯಲ್ಲಿ ಬೈಸನ್‌ಗೆ ‘ಈನ್ನಿ’ ಎನ್ನುತ್ತಾರೆ. ಇನ್ಯಾವುದೋ ಫಾರ್ಮಿನಿಂದ ಅಷ್ಟೇ ತಲೆಗಳನ್ನು ಕೊಂಡು ತಂದಿದ್ದರೂ ಸಂಖ್ಯೆ 87 ಆಗುತ್ತಿತ್ತು. ಅಂದು ಬೇಲಿಯ ಬಳಿ ನಿಂತಿದ್ದ ಹಿರಿಯರಿಗೆ ಅದು ಈ ಮರಳುವಿಕೆ ಆಗುತ್ತಿರಲಿಲ್ಲ.

ಕಂದುರೋಗದ ಡಾಕ್ಟರು ಕೊಟ್ಟ ಉತ್ತರ

ನಾನು ಪಶುವೈದ್ಯ, ದನಗಾರರ ವಿರೋಧದ ಬಗ್ಗೆ ಹೇಳಬಲ್ಲೆ. ಅದರ ಬೇರು ಬ್ರುಸೆಲ್ಲೋಸಿಸ್, ಅಂದರೆ ನಮ್ಮ ರೈತರು ಕಂದುರೋಗ ಎನ್ನುವ ಕಾಯಿಲೆ. ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತದೆ, ಆ ಮಾಸು ಬಿದ್ದ ಹುಲ್ಲು ಮೂಸಿದ ಇನ್ನೊಂದು ಹಸುವಿಗೆ ಅಂಟುತ್ತದೆ, ಮನುಷ್ಯರಿಗೂ ಬರುತ್ತದೆ. ಒಂದು ಕೊಟ್ಟಿಗೆಗೆ ಹೊಕ್ಕರೆ ಆ ಮನೆಯ ಹೈನು ವರ್ಷಗಟ್ಟಲೆ ಏಳುವುದಿಲ್ಲವೆಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಮೊಂಟಾನಾದ ದನಗಾರರ ಅಂಜಿಕೆಯನ್ನು ಹುಸಿ ಎಂದು ತಳ್ಳಿಹಾಕಲಾರೆ.

ಆದರೆ ಪೂರ್ತಿ ಸಂಗತಿ ತಿಳಿದಿರಬೇಕು. ಈ ರೋಗ ಅಮೆರಿಕಕ್ಕೆ ಬಂದದ್ದೇ ಯುರೋಪಿನ ದನಗಳ ಜೊತೆ. ದನಗಳಿಂದ ಬೈಸನ್‌ಗಳಿಗೆ ಹತ್ತಿತು. ಯೆಲ್ಲೊಸ್ಟೋನ್‌ನ ಬೈಸನ್‌ಗಳಲ್ಲಿ ಅದು ಮೊದಲು ಪತ್ತೆಯಾದದ್ದು 1917ರಲ್ಲಿ. ಅಲ್ಲಿಂದ ಈಚೆಗೆ, ಆ ಸುತ್ತಿನ ದನದ ಹಿಂಡುಗಳಲ್ಲಿ ಇತ್ತೀಚಿನ ದಶಕಗಳಲ್ಲಿ ರೋಗ ಕಾಣಿಸಿದಾಗಲೆಲ್ಲ ಮೂಲ ಹುಡುಕಿದರೆ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಕಡೆಗೆ ಹೋಗಿದೆಯೇ ಹೊರತು ಬೈಸನ್ ಕಡೆಗಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿಯೂ ಇದನ್ನೇ ಹೇಳಿತು. ಎಲ್ಕ್‌ಗಳು ಎಲ್ಲೆಂದರಲ್ಲಿ ಓಡಾಡುತ್ತವೆ, ಅವನ್ನು ಯಾರೂ ತಡೆಯುವುದಿಲ್ಲ. ಬೈಸನ್ ಮಾತ್ರ ಚಳಿಗಾಲದಲ್ಲಿ ಹುಲ್ಲು ಹುಡುಕಿ ಉದ್ಯಾನದ ಗಡಿ ದಾಟಿದರೆ ಹಿಡಿದು ಕಸಾಯಿಖಾನೆಗೆ ಕಳಿಸಲಾಗುತ್ತಿತ್ತು. ಕೆಲವು ಚಳಿಗಾಲಗಳಲ್ಲಿ ಹೀಗೆ ಹೋದವು ಸಾವಿರಕ್ಕೂ ಹೆಚ್ಚು.

ಈ ಕೊಲ್ಲುವಿಕೆಗೆ ಬದಲಿ ದಾರಿ ಹಾಕಿಕೊಟ್ಟದ್ದರಲ್ಲಿ ಮೂಲನಿವಾಸಿಗಳ ಪಾಲು ದೊಡ್ಡದು. ಹಿಡಿದ ಬೈಸನ್‌ಗಳನ್ನು ಪ್ರತ್ಯೇಕವಾಗಿ ಕಾಯ್ದಿಟ್ಟು ಮತ್ತೆ ಮತ್ತೆ ರಕ್ತಪರೀಕ್ಷೆ ಮಾಡಿ, ರೋಗವಿಲ್ಲವೆಂದು ಖಚಿತವಾದವನ್ನು ಬುಡಕಟ್ಟುಗಳ ನೆಲಕ್ಕೆ ಕಳಿಸುವುದು ಆ ದಾರಿ. ಹೋರಿಗಳಿಗಿಂತ ಹೆಣ್ಣುಗಳನ್ನು ಹೆಚ್ಚು ಕಾಲ ಇಡಬೇಕಾಗುತ್ತದೆ, ಏಕೆಂದರೆ ಒಳಗೆ ಅಡಗಿರುವ ಸೋಂಕು ಈಯುವಾಗ ತಲೆಯೆತ್ತಬಹುದು. ಕರು ಹಾಕುವವರೆಗೂ ಕಾಯಲೇಬೇಕು. ಮೊಂಟಾನಾದ ಫೋರ್ಟ್ ಪೆಕ್‌ನಲ್ಲಿರುವ ಅಸಿನಿಬೊಯಿನ್ ಮತ್ತು ಸೂ ಬುಡಕಟ್ಟುಗಳು ಇದಕ್ಕಾಗಿ ತಾವೇ ಬೇಲಿ, ದೊಡ್ಡಿ, ಪರೀಕ್ಷೆಯ ಓಣಿಗಳನ್ನು ಕಟ್ಟಿಕೊಂಡರು. 2012ರ ಮಾರ್ಚ್‌ನಲ್ಲಿ ಯೆಲ್ಲೊಸ್ಟೋನ್ ಮೂಲದ 60ಕ್ಕೂ ಹೆಚ್ಚು ಬೈಸನ್‌ಗಳು ಅಲ್ಲಿಗೆ ಬಂದವು, 2019ರ ಆಗಸ್ಟ್‌ನಲ್ಲಿ 55 ಹೋರಿಗಳು ಬಂದವು. 2019ರ ನಂತರ ಹೀಗೆ ಬಂದವುಗಳ ಸಂಖ್ಯೆ 400 ದಾಟಿದೆ. ಅಲ್ಲಿಂದ ಅವು ಬುಡಕಟ್ಟುಗಳ ಒಕ್ಕೂಟವಾದ ಇಂಟರ್‌ಟ್ರೈಬಲ್ ಬಫಲೋ ಕೌನ್ಸಿಲ್ (ಅಲ್ಲಿ ಬೈಸನ್ ಅನ್ನು ಬಫಲೋ ಎಂದೂ ಕರೆಯುತ್ತಾರೆ) ಮೂಲಕ ಬೇರೆ ಬೇರೆ ಸಮುದಾಯಗಳಿಗೆ ಹಂಚಿಕೆಯಾಗುತ್ತವೆ. ಈಗ ಆ ಒಕ್ಕೂಟದಲ್ಲಿ 80ಕ್ಕೂ ಹೆಚ್ಚು ಬುಡಕಟ್ಟುಗಳಿವೆ.

ನಮ್ಮ ಕಾಟಿಗೂ ಇದೇ ನಂಟಿದೆ, ಅದನ್ನು ನಿಮ್ಮ ಮಕ್ಕಳಿಗೆ ಹೇಳಬಹುದು. 1968ರಲ್ಲಿ ಬಂಡೀಪುರ-ಮುದುಮಲೆ ಸೀಮೆಯಲ್ಲಿ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಬಂದು ಕಾಟಿಗಳು ಗುಂಪುಗುಂಪಾಗಿ ಸತ್ತವು. ಅದು ಮೂಲತಃ ದನಗಳ ರೋಗ. ಊರದನಕ್ಕೂ ಕಾಡುಜಾತಿಗೂ ಒಂದೇ ಹುಲ್ಲು, ಒಂದೇ ನೀರು ಇರುವಲ್ಲಿ ರೋಗ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂದು ಕೇಳದೆ ಕಾಡುಪ್ರಾಣಿಯ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ.

ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ಲತಾತಿಯ ಕಥೆಯನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ಆದರೆ ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಹಾಗೇ ಉಳಿಯಿತು. ಅಷ್ಟು ಕಾದು ತಂದವುಗಳನ್ನು ಕೊಲ್ಲುವುದೇಕೆ? ಸಂಖ್ಯೆ ಹೆಚ್ಚಿದಾಗ ಬೇರೆ ದಾರಿಯಿಲ್ಲವೆಂಬ ಆಡಳಿತದ ಉತ್ತರ ನನಗೆ ಗೊತ್ತು, ಅವಳಿಗೆ ಅದು ಸಾಲದು.

ಅಡವಿದಾರಿ ಕೊಟ್ಟ ಉತ್ತರ

ಆ ಹುಡುಗಿ ಸರಿಯಾದ ಕಡೆಯಲ್ಲೇ ಕೈಯಿಟ್ಟಿದ್ದಾಳೆ. ಈ ಪ್ರಶ್ನೆಯನ್ನು ಬದಿಗಿಟ್ಟು ಉಳಿದದ್ದನ್ನು ಹೇಳಿದರೆ ಬೈಸನ್ ಮರಳುವುದು ಒಂದು ಚೆಂದದ ಚಿತ್ರವಾಗಿ ಉಳಿಯುತ್ತದೆ, ಅದರ ಹಿಂದಿನ ಹಸಿವು ಕಾಣುವುದಿಲ್ಲ.

ಬಯಲಿನ ಜನರಿಗೆ ಬೈಸನ್ ಅನ್ನವಾಗಿತ್ತು, ಹೊದಿಕೆಯಾಗಿತ್ತು, ಮನೆಯಾಗಿತ್ತು; ಚರ್ಮದಿಂದ ಟೀಪಿ ಎಂಬ ಡೇರೆ, ನರದಿಂದ ಹೊಲಿಗೆಯ ದಾರ, ಕೊಂಬಿನಿಂದ ಚಮಚ, ಒಣಗಿದ ಸೆಗಣಿ ಮರವಿಲ್ಲದ ಬಯಲಿನಲ್ಲಿ ಒಲೆಯ ಉರುವಲು. ಸೆಗಣಿಯ ಬೆರಣಿ ತಟ್ಟುವ ನಮಗೆ ಈ ಕೊನೆಯದನ್ನು ವಿವರಿಸಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದಾಖಲಾದ ಅಳತೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ಈ ಜನ ಆಗ ಜಗತ್ತಿನಲ್ಲೇ ಅತ್ಯಂತ ಎತ್ತರದವರ ಸಾಲಿನಲ್ಲಿದ್ದರೆಂದು ತೋರಿಸಿದ್ದಾರೆ. ಬೈಸನ್ ಹೋದ ಮೇಲೆ ಹುಟ್ಟಿದ ತಲೆಮಾರು ಕುಳ್ಳಾಯಿತು. ಹೊಟ್ಟೆಗಿಲ್ಲದ ಬಾಲ್ಯ ಮೂಳೆಯಲ್ಲಿ ಬರೆದುಕೊಂಡಿತು.

1883-84ರ ಚಳಿಗಾಲವನ್ನು ಬ್ಲ್ಯಾಕ್‌ಫೀಟ್ ಜನ ಇಂದಿಗೂ ಹಸಿವಿನ ಚಳಿಗಾಲ ಎಂದೇ ನೆನೆಯುತ್ತಾರೆ. ಬಯಲಿನಲ್ಲಿ ಬೈಸನ್ ಮುಗಿದಿತ್ತು, ಸರ್ಕಾರ ಕೊಡುತ್ತೇನೆಂದಿದ್ದ ಪಡಿ ಸಾಕಷ್ಟು ಬರಲಿಲ್ಲ. ಪಡಿ ಹಂಚುವ ಕಚೇರಿಯ ಸುತ್ತ ಬೀಡುಬಿಟ್ಟು ಕಾಯುತ್ತಲೇ ಸುಮಾರು 600 ಮಂದಿ ಸತ್ತರು. ಸತ್ತವರನ್ನು ಇಟ್ಟ ದಿಬ್ಬಕ್ಕೆ ಗೋಸ್ಟ್ ರಿಜ್, ಪ್ರೇತಗಳ ದಿಬ್ಬ, ಎಂಬ ಹೆಸರು ಉಳಿಯಿತು. ಆ ನಂತರದ ತಲೆಮಾರುಗಳು ಪಡಿಯ ಮೈದಾ, ಹಂದಿಕೊಬ್ಬು, ಸಕ್ಕರೆಯ ಮೇಲೆ ಬೆಳೆದವು, ಮೀಸಲು ಪ್ರದೇಶಗಳಲ್ಲಿ ಸಕ್ಕರೆ ಕಾಯಿಲೆ ಮನೆಮನೆಯ ಮಾತಾಯಿತು. ಇಂಥ ಜನ ತಮ್ಮದೇ ನೆಲದಲ್ಲಿ ತಮ್ಮದೇ ಹಿಂಡಿನಿಂದ ಒಂದು ಬೈಸನ್ ತೆಗೆದು, ಅದಕ್ಕೆ ಮೊದಲು ಪ್ರಾರ್ಥನೆ ಸಲ್ಲಿಸಿ, ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಚರ್ಮ ಸುಲಿಯುವುದನ್ನು, ಭಾಗ ಮಾಡುವುದನ್ನು ಕಲಿಸಿ, ಹಿರಿಯರ ಮನೆಗಳಿಗೆ ಮಾಂಸ ಕಳಿಸುವಾಗ ಅದನ್ನು ಬಂಧುತ್ವಕ್ಕೆ ಬಗೆದ ದ್ರೋಹವೆಂದು ಅವರು ಭಾವಿಸುವುದಿಲ್ಲ. ಅವರ ಲೆಕ್ಕದಲ್ಲಿ ಬೈಸನ್ ತನ್ನನ್ನು ಕೊಡುತ್ತದೆ, ಮನುಷ್ಯರು ಅದರ ಹುಲ್ಲನ್ನೂ ಓಡಾಟವನ್ನೂ ಕಾಯುತ್ತಾರೆ. ಕೊಡು-ಕೊಳುವ ಈ ಸಂಬಂಧದಲ್ಲಿ ಒಂದು ಪಕ್ಷವನ್ನು ಬರೀ ನೋಡುವ ವಸ್ತುವಾಗಿಸಿದರೆ ಸಂಬಂಧವೇ ಕಡಿದಂತೆ. ಪ್ರಾಣಿಹಿಂಸೆಯನ್ನು ಒಪ್ಪದವರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ, ಅವರ ನಿಲುವನ್ನು ನಾನು ಗೌರವಿಸುತ್ತೇನೆ. ಆದರೆ ಹಸಿವಿನಿಂದ ಒಂದು ಜನಾಂಗವನ್ನು ಮಣಿಸಲು ಯಾವ ಆಹಾರವನ್ನು ಕಿತ್ತುಕೊಳ್ಳಲಾಯಿತೋ, ಅದನ್ನು ಅವರು ಮತ್ತೆ ಉಣ್ಣುವುದು ಬೇರೆ ಬಗೆಯ ಸಂಗತಿ ಎಂಬುದನ್ನು ನಿಮ್ಮ ವಿದ್ಯಾರ್ಥಿನಿಗೆ ಖಂಡಿತ ಹೇಳಿ.

2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕ-ಕೆನಡಾ ಗಡಿಯ ಎರಡೂ ಕಡೆಯ ಮೂಲನಿವಾಸಿ ರಾಷ್ಟ್ರಗಳು, ಅಂದರೆ ಬುಡಕಟ್ಟುಗಳು, ಮೊಂಟಾನಾದಲ್ಲಿ ಸೇರಿ ಬಫಲೋ ಒಪ್ಪಂದಕ್ಕೆ ಸಹಿ ಹಾಕಿದವು. ಹಿಂದಿನ ಒಪ್ಪಂದಗಳಲ್ಲಿ ಹೆಚ್ಚಿನವನ್ನು ಸರ್ಕಾರಗಳು ಬರೆದು ಮುಂದಿಟ್ಟಿದ್ದವು, ಮುರಿದದ್ದೂ ಅವೇ. ಇದು ಬುಡಕಟ್ಟುಗಳು ತಮ್ಮ ತಮ್ಮಲ್ಲೇ, ಬೈಸನ್ ನೆಪದಲ್ಲಿ, ಮಾಡಿಕೊಂಡದ್ದು. ಆಮೇಲೆ ಇನ್ನೂ ಹಲವು ರಾಷ್ಟ್ರಗಳು ಸಹಿ ಹಾಕಿವೆ. ವ್ಯೋಮಿಂಗ್‌ನ ವಿಂಡ್ ರಿವರ್‌ನಲ್ಲಿ ಪೂರ್ವ ಶೊಶೋನಿಗಳು 2016ರ ನವೆಂಬರ್‌ನಲ್ಲಿ 10 ಬೈಸನ್‌ಗಳಿಂದ ಶುರುಮಾಡಿದರು, ಮರುವರ್ಷದ ಮೇ ತಿಂಗಳಲ್ಲಿ ಅಲ್ಲಿ ಮೊದಲ ಕರು ಹುಟ್ಟಿತು. ಎಳೆಗರು ಕಿತ್ತಳೆ ಬೆರೆತ ಕೆಂಪು ಬಣ್ಣದ್ದು, ಕಪ್ಪು ತಾಯಿಯ ಮಗ್ಗುಲಲ್ಲಿ ದೂರದಿಂದಲೇ ಎದ್ದು ಕಾಣುತ್ತದೆ. 2025ರಲ್ಲಿ ಆ ಬುಡಕಟ್ಟು ತನ್ನ ಕಾನೂನಿನಲ್ಲಿ ಬೈಸನ್ ಅನ್ನು ಜಾನುವಾರಿನ ಪಟ್ಟಿಯಿಂದ ತೆಗೆದು ವನ್ಯಜೀವಿ ಎಂದು ಘೋಷಿಸಿತು. ಕೇಳಲು ಇದು ಕಾಗದದ ಮಾತಿನಂತಿದೆ. ಜಾನುವಾರು ಎಂದರೆ ಅದಕ್ಕೊಬ್ಬ ಒಡೆಯ ಇರಬೇಕು, ಬೇಲಿ ಇರಬೇಕು, ಬೇಲಿ ದಾಟಿದರೆ ದಂಡ ಇರಬೇಕು. ಎಲ್ಕ್‌ಗೆ ಇದ್ಯಾವುದೂ ಇಲ್ಲ. ಬೈಸನ್‌ಗೂ ಎಲ್ಕ್‌ನ ಸ್ಥಾನ ಕೊಡುವ ಅಧಿಕಾರ ತಮಗಿದೆಯೆಂದು ಶೊಶೋನಿಗಳು ಆ ಒಂದು ನಿರ್ಣಯದಲ್ಲಿ ಹೇಳಿದ್ದಾರೆ.

ಬಡಗಣ ಗಾಳಿ

ಅಡವಿದಾರಿಯವರ ಮಾತಿಗೆ ಎರಡು ಸೇರಿಸುತ್ತೇನೆ, ಒಂದು ಕಷ್ಟದ್ದು.

ಮೀಸಲು ಪ್ರದೇಶಗಳ ಒಳಗೂ ಎಲ್ಲರೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಬೈಸನ್ ಹೋದ ಮೇಲೆ ಬದುಕಲು ದನ ಸಾಕಣೆಗೆ ಇಳಿದ ಬ್ಲ್ಯಾಕ್‌ಫೀಟ್ ಕುಟುಂಬಗಳು ನಾಲ್ಕೈದು ತಲೆಮಾರುಗಳಿಂದ ಅದನ್ನೇ ಮಾಡುತ್ತಿವೆ. ಹುಲ್ಲಿನ ಗುತ್ತಿಗೆ ಬೈಸನ್‌ಗೆ ಹೋದರೆ ತಮ್ಮ ದನ ಎಲ್ಲಿಗೆ ಹೋಗಬೇಕು, ಒಂಬೈನೂರು ಕಿಲೋ ತೂಗುವ ಹೋರಿ ಬೇಲಿ ಮುರಿದು ಬಂದರೆ ನಷ್ಟ ಕಟ್ಟಿಕೊಡುವವರು ಯಾರು ಎಂದು ಅವರು ಕೇಳುತ್ತಾರೆ. ಬುಡಕಟ್ಟಿನ ಸಭೆಗಳಲ್ಲಿ ಈ ಚರ್ಚೆ ನಡೆಯುತ್ತಲೇ ಇದೆ. ಅದರ ಮೇಲೆ ನೆಲವೂ ಒಂದೇ ತುಂಡಾಗಿಲ್ಲ. 1887ರ ಡಾಸ್ ಕಾಯಿದೆ ಸಮುದಾಯದ ಭೂಮಿಯನ್ನು ಒಬ್ಬೊಬ್ಬರ ಹೆಸರಿಗೆ ಹೋಳುಮಾಡಿ, ‘ಮಿಕ್ಕಿದ್ದು’ ಎಂದು ಉಳಿದದ್ದನ್ನು ಹೊರಗಿನವರಿಗೆ ಕೊಟ್ಟಿತು. ಬೈಸನ್ ಒಂದು ದಿನದಲ್ಲಿ ನಡೆಯುವ ದಾರಿಯಲ್ಲಿ ಬುಡಕಟ್ಟಿನ ನೆಲ, ಖಾಸಗಿ ನೆಲ, ಸರ್ಕಾರದ ನೆಲ ಮೂರೂ ಬಂದುಹೋಗುತ್ತವೆ. ದಕ್ಷಿಣ ಡಕೋಟಾದ ರೋಸ್‌ಬಡ್‌ನಲ್ಲಿ 2020ರಲ್ಲಿ ವೊಲಕೋಟ ಎಂಬ ಬೈಸನ್ ಹುಲ್ಲುಗಾವಲಿಗೆ ಸುಮಾರು 28,000 ಎಕರೆ ಒಟ್ಟಾಗಿ ಸಿಕ್ಕಿದ್ದು ಈ ಕಾರಣಕ್ಕೇ ದೊಡ್ಡ ಸಂಗತಿ.

ಇನ್ನೊಂದು, ಪಾಬ್ಲೊನ ಹಿಂಡು ಹೊರಟುಹೋದ ಫ್ಲಾಟ್‌ಹೆಡ್‌ನದು. ಅವನ ಬೈಸನ್‌ಗಳನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ವರ್ಷಗಳಲ್ಲೇ, 1908ರಲ್ಲಿ, ಅಮೆರಿಕದ ಸರ್ಕಾರ ಅದೇ ಮೀಸಲಿನ ನಡುವೆ 18,000ಕ್ಕೂ ಹೆಚ್ಚು ಎಕರೆಯನ್ನು ಬುಡಕಟ್ಟಿನ ಒಪ್ಪಿಗೆಯಿಲ್ಲದೆ ತೆಗೆದುಕೊಂಡು ರಾಷ್ಟ್ರೀಯ ಬೈಸನ್ ತಾಣ ಮಾಡಿತು. ಬೈಸನ್‌ಗಳನ್ನು ಉಳಿಸಿದವರನ್ನೇ ಬೇಲಿಯಿಂದ ಹೊರಗಿಟ್ಟಿತು. 2020ರ ಡಿಸೆಂಬರ್‌ನಲ್ಲಿ ಕಾನೂನೊಂದರ ಮೂಲಕ ಆ ತಾಣ ಸೇಲಿಶ್ ಮತ್ತು ಕೂಟೆನಿ ಬುಡಕಟ್ಟುಗಳ ಒಕ್ಕೂಟಕ್ಕೆ ಮರಳಿತು, ಪೆಂಡೊರೇಗಳೂ ಅದರಲ್ಲಿದ್ದಾರೆ. ಈಗ ಅಲ್ಲಿಗೆ ಹೋದರೆ ಹಿಂಡನ್ನು ನೋಡಿಕೊಳ್ಳುವವರು ಲತಾತಿಯ ಜನರೇ.

ಇತ್ತ ಬ್ಲ್ಯಾಕ್‌ಫೀಟ್ ನೆಲದಲ್ಲಿ 2023ರ ಜೂನ್‌ನಲ್ಲಿ ಎಲ್ಕ್ ಐಲೆಂಡ್ ವಂಶದ ಒಂದು ಸಣ್ಣ ಹಿಂಡನ್ನು ಚೀಫ್ ಮೌಂಟನ್ ಬುಡದಲ್ಲಿ, ಸುತ್ತ ಬೇಲಿಯಿಲ್ಲದಂತೆ, ಬಿಟ್ಟಿದ್ದಾರೆ. ಅವರಿಗೆ ಅದು ಪವಿತ್ರವಾದ ಬೆಟ್ಟ. ಅದರ ಒಂದು ಮಗ್ಗುಲಿಗೆ ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನ, ಉತ್ತರಕ್ಕೆ ಕೆಲವೇ ಕಿಲೋಮೀಟರಿನಲ್ಲಿ ಕೆನಡಾದ ಗಡಿ, ಗಡಿಯಾಚೆ ವಾಟರ್‌ಟನ್ ಉದ್ಯಾನ ಮತ್ತು ಕೈನೈ ಬ್ಲ್ಯಾಕ್‌ಫೂಟರ ನೆಲ. ಗಡಿ ದಾಟಿದರೆ ಕಾನೂನು ಬೇರೆ. ಇಲ್ಲಿ ಕಾಡುಪ್ರಾಣಿಯಾದದ್ದು ಅಲ್ಲಿ ಏನೆನಿಸಿಕೊಳ್ಳುತ್ತದೆಂಬುದನ್ನು ಎರಡು ದೇಶಗಳೂ ಬ್ಲ್ಯಾಕ್‌ಫೂಟ್ ರಾಷ್ಟ್ರಗಳೂ ಕೂತು ಮಾತಾಡಬೇಕಿದೆ. ಬೇಸಿಗೆಯಲ್ಲಿ ಆ ರಸ್ತೆಯಲ್ಲಿ ಹೋದಾಗಲೆಲ್ಲ ನಾನು ಕಾರು ನಿಲ್ಲಿಸಿ ಇಳಿಜಾರುಗಳನ್ನು ನೋಡುತ್ತೇನೆ. ಹಿಂಡು ಇನ್ನೂ ನನಗೆ ಕಂಡಿಲ್ಲ. ಕಳೆದ ಸಲ ಆಸ್ಪೆನ್ ಮರವೊಂದರ ತೊಗಟೆಯಲ್ಲಿ, ಮೈ ತಿಕ್ಕಿದ ಎತ್ತರದಲ್ಲಿ, ಕಂದು ತುಪ್ಪಳದ ಒಂದು ಎಳೆ ಸಿಕ್ಕಿಕೊಂಡಿತ್ತು.